‘ಬಿಳಿ ಸೆರಗು’ ಎಂಬ ಮರೆಯ ಮಾತು

ಕನ್ನಡ ಪಾಠ ಹೇಳಿ ನಿವೃತ್ತಳಾದವಳು ವೈದ್ಯಕೀಯದ ವಿಷಯವನ್ನೆತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ನಾನು ಈ ವಿಷಯದೊಳಕ್ಕೆ ಬಂದುದು ಒಂದು ಪದದ ಬೆನ್ನು ಹತ್ತಿ. ನಮ್ಮ ಹೆಂಗಸರು ‘ಬಿಳಿ ಸೆರಗು’ ಎನ್ನುತ್ತಾರಷ್ಟೆ. ಮರ್ಯಾದೆಯ ಮಾತು, ಆದರೆ ಎಷ್ಟನ್ನು ಒಂದೇ ಮರೆಯಲ್ಲಿ ಅಡಗಿಸಿದೆ! ರೋಗವೇ ಅಲ್ಲದ ಸಹಜ ಸ್ರಾವ, ಬ್ಯಾಕ್ಟೀರಿಯಗಳ ಏರುಪೇರು, ಸಂಭೋಗದಿಂದ ಅಂಟುವ ಕೆಲವು ರೋಗಗಳು, ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು, ಎಲ್ಲವೂ ಬಿಳಿ ಸೆರಗೇ.

ಈ ಕೊನೆಯದನ್ನು ಕುರಿತು ನಾಲ್ಕು ಮಾತು. ನಾಲ್ವರು ಸ್ತ್ರೀಯರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆನ್ನುತ್ತಾರೆ. ತೀವ್ರ ತುರಿಕೆ, ಉರಿ, ಒಡೆದ ಮೊಸರಿನಂತಹ ಸ್ರಾವ ಇದರ ಲಕ್ಷಣ. ಕ್ಯಾಂಡಿಡಾ ಎಂಬ ಈ ಯೀಸ್ಟ್ ಹೊರಗಿನಿಂದ ದಾಳಿಯಿಟ್ಟ ಶತ್ರುವೇನಲ್ಲ. ಆರೋಗ್ಯವಂತರ ಮೈಯಲ್ಲೂ ಸದ್ದಿಲ್ಲದೆ ಇರುತ್ತದೆ. ಹಾಲನ್ನು ಮೊಸರಾಗಿಸುವ ಜೀವಾಣುಗಳ ಬಳಗದವು ಯೋನಿಯಲ್ಲಿ ನೆಲೆಸಿ ಅದಕ್ಕೆ ಹೆಚ್ಚು ಎಡೆಗೊಡುವುದಿಲ್ಲ. ಆಂಟಿಬಯೋಟಿಕ್ ಗುಳಿಗೆ ಈ ಕಾವಲುಗಾರರನ್ನೂ ಕೊಲ್ಲುತ್ತದೆ. ಬಸುರಿನಲ್ಲಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ, ಎಚ್‌ಐವಿಯೋ ಸ್ಟೀರಾಯ್ಡ್ ಔಷಧವೋ ದೇಹದ ತಡೆಶಕ್ತಿಯನ್ನು ಕುಗ್ಗಿಸಿದಾಗ ಯೀಸ್ಟ್ ತಲೆಯೆತ್ತುತ್ತದೆ.

ಇನ್ನು ಗಂಗಾವತಿ ಸೀಮೆಯ ಹನುಮನಹಳ್ಳಿಯತ್ತ ನೋಡೋಣ. ಆನೆಗೊಂದಿಯ ನೆರೆ, ತುಂಗಭದ್ರೆಯ ನೀರುಂಡ ಭತ್ತದ ನಾಡು. ನಾಟಿಯ ಕಾಲದಲ್ಲಿ ಹೆಣ್ಣಾಳುಗಳು ಹೊತ್ತು ಮುಳುಗುವವರೆಗೆ ಕೆಸರಿನಲ್ಲಿ ಬಾಗಿ ನಿಲ್ಲುತ್ತಾರೆ. ಒಳಲಂಗ ಮೈಮೇಲೆಯೇ ಒಣಗಬೇಕು. ಒದ್ದೆಯೊಂದೇ ರೋಗ ತರದು, ಆದರೆ ಬೆಚ್ಚನೆಯ ತೇವ ಶಿಲೀಂಧ್ರಕ್ಕೆ ಹಿತ. ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹಾಕಲು ನಾಚಿ ಮೂಲೆಯಲ್ಲಿ ಒಣಗಿಸುವುದು ಎಷ್ಟೋ ಮನೆಗಳ ರೂಢಿ. ಒಡಿಶಾದ ಆಸ್ಪತ್ರೆಗಳಿಗೆ ಬಂದ ಸ್ತ್ರೀಯರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮರುಬಳಕೆಯ ಬಟ್ಟೆಯನ್ನು ಮನೆಯೊಳಗೇ ಒಣಗಿಸುವುದಕ್ಕೂ ಈ ಸೋಂಕಿಗೂ ನಂಟು ಕಂಡಿತು. ಬಟ್ಟೆಯನ್ನು ಹಳಿಯುವ ಮೊದಲು ಆ ನಾಚಿಕೆಯನ್ನು ಹಳಿಯಬೇಕೆಂದು ನನಗೆ ತೋರುತ್ತದೆ.

ತುರಿಕೆ ಬಂದವಳು ‘ಉಷ್ಣ ಆಗೇತ್ರಿ’ ಎಂದು ಮಜ್ಜಿಗೆ ಕುಡಿದು ದಿನ ತಳ್ಳುತ್ತಾಳೆ. ಕೊನೆಗೆ ಅಂಗಡಿಯಲ್ಲಿ ‘ಬಿಳಿ ಸೆರಗು’ ಎಂದರೆ ಕೈಗೆ ಬರುವುದು ಬಹುಶಃ ಆಂಟಿಬಯೋಟಿಕ್. ಕಾವಲು ಮತ್ತಷ್ಟು ಕುಸಿದು ತುರಿಕೆ ಇಮ್ಮಡಿಸುತ್ತದೆ. ಒಂದು ಹೆಸರಿನ ಅಸ್ಪಷ್ಟತೆ ರೋಗವನ್ನೇ ಬೆಳೆಸುವುದು ಹೀಗೆ. ಅತ್ತ ಮನೆಯಲ್ಲಿ ಯಾರಾದರೂ ಅವಳ ಶೀಲದ ಮಾತೆತ್ತಿದರಂತೂ ಮುಗಿಯಿತು, ಅವಳು ಮತ್ತೆ ಬಾಯಿ ಬಿಡಳು. ಈ ಸೋಂಕನ್ನು ವೈದ್ಯರು ಲೈಂಗಿಕ ರೋಗಗಳ ಸಾಲಿಗೆ ಸೇರಿಸುವುದಿಲ್ಲವೆಂಬುದನ್ನು ಗಂಡಸರೂ ತಿಳಿಯಲಿ.

ಮೌನದ ಆಳವೆಷ್ಟೆಂಬುದನ್ನು ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಅಳೆದರು. ಎರಡು ಹಳ್ಳಿಗಳ 650 ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ ಅವರು ಪ್ರಕಟಿಸಿದಂತೆ, ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಅಂತಹ ಪರೀಕ್ಷೆಗೆ ಒಳಗಾಗಿದ್ದವರು ನೂರಕ್ಕೆ 8 ಮಂದಿ ಮಾತ್ರ.

ಆದುದರಿಂದ ವೈದ್ಯರ ಮುಂದೆ ಮಾತು ಬಿಡಿಯಾಗಲಿ: ತುರಿಕೆಯೋ, ದುರ್ವಾಸನೆಯೋ, ಬಣ್ಣವೇನು, ಕಿಬ್ಬೊಟ್ಟೆಯ ನೋವುಂಟೋ. ಯೀಸ್ಟ್ ಸೋಂಕಿಗೆ ಸಾಮಾನ್ಯವಾಗಿ ದುರ್ವಾಸನೆಯಿರದು. ಜ್ವರ, ನೋವು, ರಕ್ತ ಕಂಡರೆ ಬೇರೆಯದೇ ಶಂಕೆ. ವರ್ಷದಲ್ಲಿ ಮೂರು ಸಲ ಮರುಕಳಿಸಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಸಬೇಕು; ಕೆಲವೊಮ್ಮೆ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಇದೇ. ಬಸುರಿಯಾಗಿದ್ದರೆ ಅದನ್ನು ಮೊದಲೇ ಹೇಳಬೇಕು: ಇದಕ್ಕೆ ನುಂಗುವ ಗುಳಿಗೆ ಆಗ ಸಲ್ಲದು, ಒಳಗೆ ಇಡುವ ಅಥವಾ ಹಚ್ಚುವ ಔಷಧವನ್ನೇ ಕೊಡುತ್ತಾರೆ.