ದೀರ್ಘ ಟ್ರಯತ್ಲಾನ್: ಹೆಸರು ಕೊಡುವ ಮುನ್ನ ಒಂದು ಲೆಕ್ಕ

ಮಹಾನಗರದ ಜೀವನವು ನಮ್ಮ ದೇಹದಿಂದ ಬೇಡುವ ದುಡಿಮೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮನಸ್ಸಿನಿಂದ ಬೇಡುವ ದುಡಿಮೆಯಾದರೋ ಹೆಚ್ಚುತ್ತಲೇ ಇದೆ. ಬೆಳಗಿನ ಲೋಕಲ್ ಗಾಡಿ, ದಿನವಿಡೀ ಕುರ್ಚಿ, ತಡವಾದ ರಾತ್ರಿಯೂಟ, ಇವುಗಳ ನಡುವೆ ನಲವತ್ತರ ಗಡಿ ದಾಟಿದ ನಮ್ಮ ಅನೇಕ ಕನ್ನಡ ಬಂಧುಗಳು ಎಚ್ಚೆತ್ತುಕೊಂಡು ವ್ಯಾಯಾಮದ ಕಡೆಗೆ ತಿರುಗಿರುವುದು ಸಂತೋಷದ ಸಂಗತಿ. ಮೊದಲು ನಡಿಗೆ, ಅನಂತರ ಓಟ, ಆಮೇಲೆ ಜನವರಿಯ ಮುಂಬಯಿ ಮ್ಯಾರಥಾನ್, ಇದೀಗ ಟ್ರಯತ್ಲಾನ್ ಎಂಬಂತೆ ಈ ಉತ್ಸಾಹ ಮೆಟ್ಟಿಲೇರುತ್ತಿದೆ. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಸ್ಪರ್ಧೆಯೇ ಟ್ರಯತ್ಲಾನ್. ಶರದೃತುವಿನಲ್ಲಿ ಇಂತಹ ದೀರ್ಘ ಸ್ಪರ್ಧೆಯೊಂದರಲ್ಲಿ ಭಾಗವಹಿಸಬೇಕೆಂದಿರುವವರು ಯಾವುದನ್ನು ಆಯ್ದುಕೊಳ್ಳಬೇಕು, ಯಾವ ಆಧಾರದ ಮೇಲೆ ಆಯ್ದುಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸ್ಪರ್ಧೆಯ ಹುಟ್ಟು ಮತ್ತು ಅಳತೆ

1978ರ ಫೆಬ್ರವರಿ 18ರಂದು ಹವಾಯಿಯ ಓಆಹು ದ್ವೀಪದಲ್ಲಿ ಮೊದಲ ಉಕ್ಕಿನ ಮನುಷ್ಯ ಸ್ಪರ್ಧೆ, ಅಂದರೆ ಐರನ್‌ಮನ್, ನಡೆಯಿತು. ಅಮೆರಿಕದ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಇದನ್ನು ಕಲ್ಪಿಸಿದವರು. ಆ ದ್ವೀಪದಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಸಮುದ್ರದ ಈಜು, ದ್ವೀಪವನ್ನು ಸುತ್ತುವ ಸೈಕಲ್ ಸವಾರಿ ಮತ್ತು ಹೊನೊಲುಲು ಮ್ಯಾರಥಾನ್ ಇವನ್ನು ಅವರು ಒಂದೇ ದಿನಕ್ಕೆ ಜೋಡಿಸಿದರು. ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಮೊದಲಿಗರಾದ ಗಾರ್ಡನ್ ಹಾಲರ್ ಅವರಿಗೆ 11 ಗಂಟೆ 46 ನಿಮಿಷ 58 ಸೆಕೆಂಡು ಹಿಡಿಯಿತು.

ಇಂದು ಪೂರ್ಣ ಸ್ಪರ್ಧೆಯೆಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಇದರ ನೇರ ಅರ್ಧವಾದ 1.9, 90 ಮತ್ತು 21.1 ಕಿಲೋಮೀಟರುಗಳ ಸ್ಪರ್ಧೆಗೆ, ಒಟ್ಟು ದೂರವನ್ನು ಮೈಲಿಗಳಲ್ಲಿ ಎಣಿಸಿ, 70.3 ಎಂಬ ಹೆಸರು ರೂಢಿಯಲ್ಲಿದೆ. ಒಲಿಂಪಿಕ್ಸ್‌ನಲ್ಲಿ 2000ದ ಸಿಡ್ನಿ ಕ್ರೀಡಾಕೂಟದಿಂದ ಸೇರಿರುವ ಟ್ರಯತ್ಲಾನ್ ಇದಕ್ಕಿಂತ ಬಹಳ ಚಿಕ್ಕದು: 1.5, 40 ಮತ್ತು 10 ಕಿಲೋಮೀಟರ್. ದೀರ್ಘ ಸ್ಪರ್ಧೆಗೆ ಕಾಲಿಡುವವರು ಮೊದಲು ಈ ಚಿಕ್ಕ ಅಳತೆಯನ್ನು ಒಮ್ಮೆಯಾದರೂ ಮುಗಿಸಿರುವುದು ಉಚಿತ.

ದಿನಾಂಕದಿಂದ ಹಿಂದಕ್ಕೆ ಎಣಿಸಿರಿ

ಸಾಲ ಕೊಡುವ ಮೊದಲು ಅರ್ಜಿದಾರರ ಮರುಪಾವತಿಯ ಶಕ್ತಿಯನ್ನು ಅಳೆಯುವುದು ಬ್ಯಾಂಕಿನವರಾದ ನಮ್ಮ ನಿತ್ಯದ ಕೆಲಸ. ಸ್ಪರ್ಧೆಗೆ ಹೆಸರು ಕೊಡುವುದೂ ಒಂದು ಬಗೆಯ ಸಾಲಪತ್ರಕ್ಕೆ ಸಹಿ ಹಾಕಿದಂತೆಯೇ. ನಿಗದಿಯಾದ ದಿನ ದೇಹವು ಅಷ್ಟನ್ನೂ ಒಂದೇ ಕಂತಿನಲ್ಲಿ ತೀರಿಸಬೇಕು. ಆದುದರಿಂದ ಸ್ಪರ್ಧೆಯ ಕೀರ್ತಿಯನ್ನಾಗಲಿ, ಕೊರಳಿಗೆ ಬೀಳುವ ಪದಕವನ್ನಾಗಲಿ ನೋಡುವ ಮೊದಲು ಅದರ ದಿನಾಂಕವನ್ನು ನೋಡಬೇಕು; ಅಲ್ಲಿಂದ ಹಿಂದಕ್ಕೆ ಇಪ್ಪತ್ತು ವಾರಗಳನ್ನು ಎಣಿಸಬೇಕು. ಈಗಾಗಲೇ ನಿಯಮಿತ ವ್ಯಾಯಾಮವಿರುವವರಿಗೂ ಅರ್ಧ ಸ್ಪರ್ಧೆಯ ತಯಾರಿಗೆ ಸುಮಾರು ಅಷ್ಟು ಕಾಲ ಬೇಕಾಗುತ್ತದೆ.

ನವೆಂಬರ್ ಮೊದಲ ವಾರದ ಸ್ಪರ್ಧೆಯಿಂದ ಹಿಂದಕ್ಕೆ ಎಣಿಸಿದರೆ ನಾವು ಜೂನ್ ಮಧ್ಯಭಾಗಕ್ಕೆ ಬಂದು ನಿಲ್ಲುತ್ತೇವೆ. ಹವಾಮಾನ ಇಲಾಖೆಯವರು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ಮುಂಬಯಿಗೆ ಮುಂಗಾರು ಕಾಲಿಡುವ ಸಾಮಾನ್ಯ ದಿನ ಜೂನ್ 11, ಹಿಂದೆಗೆಯುವ ದಿನ ಅಕ್ಟೋಬರ್ 8. ಎಂದರೆ ಶರದೃತುವಿನ ಸ್ಪರ್ಧೆಯ ತಯಾರಿ ಬಹುಮಟ್ಟಿಗೆ ಮಳೆಗಾಲದಲ್ಲೇ ನಡೆಯಬೇಕು! ಈಜುಕೊಳದಲ್ಲಿ ಈಜಬಹುದು, ಮಳೆಯಲ್ಲಿ ಓಡಲೂಬಹುದು. ಆದರೆ ಗುಂಡಿ ಬಿದ್ದ, ನೀರು ನಿಂತ ಹೆದ್ದಾರಿಯಲ್ಲಿ ಲಾರಿಗಳ ಮಗ್ಗುಲಲ್ಲಿ ಸೈಕಲ್ ತುಳಿಯುವುದು ವ್ಯಾಯಾಮವಾಗಲಾರದು. ಮನೆಯೊಳಗೆ ಸೈಕಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ ತುಳಿಯುವ ಅನುಕೂಲವಿಲ್ಲದವರು ಅಕ್ಟೋಬರ್ ಸ್ಪರ್ಧೆಯನ್ನು ಆರಿಸದಿರುವುದೇ ಕ್ಷೇಮ. ಸಮುದ್ರದ ಅಭ್ಯಾಸಕ್ಕೂ ಇದೇ ತೊಡಕು. ಮಳೆಗಾಲದ ಅರಬ್ಬಿ ಸಮುದ್ರಕ್ಕೆ ಇಳಿಯುವಂತಿಲ್ಲ. ಅದು ಶಾಂತವಾಗುವ ಹೊತ್ತಿಗೆ ಉಳಿದಿರುವುದು ಮೂರು ನಾಲ್ಕು ವಾರ ಮಾತ್ರ.

ಇದೇ ಅವಧಿಯಲ್ಲಿ ಗಣೇಶ ಚತುರ್ಥಿ, ನವರಾತ್ರಿಗಳು ಬರುತ್ತವೆ. ನಮ್ಮಂಥವರಿಗೆ ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕದ ಮುಕ್ತಾಯವೂ ಬರುತ್ತದೆ. ಅರ್ಧ ಸ್ಪರ್ಧೆಗೆ ವಾರಕ್ಕೆ ಸಾಧಾರಣವಾಗಿ 8ರಿಂದ 10 ಗಂಟೆ, ಪೂರ್ಣ ಸ್ಪರ್ಧೆಗೆ 12ರಿಂದ 15 ಗಂಟೆ ಮೀಸಲಿಡಬೇಕಾಗುತ್ತದೆ. ಈ ಗಂಟೆಗಳು ನಿದ್ರೆಯಿಂದ ಬರುವವೋ, ಮನೆಯವರ ಪಾಲಿನಿಂದ ಬರುವವೋ ಎಂಬುದನ್ನು ಮನೆಯವರೊಡನೆ ಕುಳಿತು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಚೆನ್ನೈಯಲ್ಲಿರುವ ನಮ್ಮವರಿಗೆ ಅಕ್ಟೋಬರಿನಿಂದ ಹಿಂಗಾರಿನ ಮಳೆ, ದೆಹಲಿಯಲ್ಲಿರುವವರಿಗೆ ಅದೇ ವೇಳೆಗೆ ಹೊಗೆ ತುಂಬಿದ ಗಾಳಿ ಅಡ್ಡಬರುತ್ತವೆ. ಹೀಗೆ ಒಬ್ಬರಿಗೆ ಹೊಂದುವ ದಿನಾಂಕ ಇನ್ನೊಬ್ಬರಿಗೆ ಹೊಂದಬೇಕೆಂದೇನೂ ಇಲ್ಲ.

ಕಾಲಮಿತಿಯ ಗಣಿತ

ಎರಡನೆಯದಾಗಿ ನೋಡಬೇಕಾದುದು ಕಾಲಮಿತಿ. ಅರ್ಧ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಯುವ ವೇಳೆಗೆ ಆರಂಭದಿಂದ 5 ಗಂಟೆ 30 ನಿಮಿಷ, ಒಟ್ಟು 8 ಗಂಟೆ 30 ನಿಮಿಷ ಎಂದು ಮಿತಿಯಿರುತ್ತದೆ. ಯಾವ ಘಟ್ಟದಲ್ಲಿ ಮಿತಿ ಮೀರಿದರೂ ಅಲ್ಲಿಗೇ ಸ್ಪರ್ಧೆ ಮುಗಿಯಿತು. ಈ ಅಂಕಿಗಳನ್ನು ವೇಗಕ್ಕೆ ಪರಿವರ್ತಿಸಿ ನೋಡೋಣ. 25 ಮೀಟರ್ ಈಜುಕೊಳದಲ್ಲಿ 76 ಉದ್ದಗಳನ್ನು, ಪ್ರತಿ 100 ಮೀಟರಿಗೆ 3 ನಿಮಿಷ 41 ಸೆಕೆಂಡಿನಂತೆ, ನಿಲ್ಲದೆ ಈಜಬೇಕು. ಈಜಿಗೆ ಪೂರ್ತಿ ಕಾಲ ಬಳಸಿ, ಬಟ್ಟೆ ಬದಲಿಸಲು 10 ನಿಮಿಷ ತೆಗೆದುಕೊಂಡರೆ, ಸೈಕಲ್ಲಿಗೆ ಉಳಿಯುವುದು 250 ನಿಮಿಷ. ಅಂದರೆ ಗಂಟೆಗೆ 21.6 ಕಿಲೋಮೀಟರ್ ವೇಗ. ಓಟಕ್ಕೆ 170 ನಿಮಿಷ ದೊರೆತರೆ ಕಿಲೋಮೀಟರಿಗೆ 8 ನಿಮಿಷ. ಪ್ರತ್ಯೇಕವಾಗಿ ನೋಡಿದರೆ ಇವು ದೊಡ್ಡ ವೇಗಗಳಲ್ಲ. ಆದರೆ ಏಳನೆಯ ಗಂಟೆಯಲ್ಲಿ, ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಅದೇ ಎಂಟು ನಿಮಿಷಕ್ಕೆ ಬೇರೆಯೇ ಬೆಲೆಯಿದೆ.

ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯ ತೇಜಸ್ವಿ ಸೂರ್ಯ ಅವರು 2024ರ ಅಕ್ಟೋಬರ್ 27ರಂದು ಗೋವೆಯ ಅರ್ಧ ಸ್ಪರ್ಧೆಯನ್ನು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಮುಗಿಸಿದರು. ಮಿತಿಗೆ ಉಳಿದಿದ್ದುದು ಎರಡೂವರೆ ನಿಮಿಷಕ್ಕೂ ಕಡಿಮೆ. ಅವರು 2022ರಲ್ಲಿ ಇದೇ ಸ್ಪರ್ಧೆಯ ರಿಲೇ ವಿಭಾಗದಲ್ಲಿ ಸೈಕಲ್ ಸವಾರಿಯ ಪಾಲನ್ನು ಪೂರೈಸಿದ್ದರು ಎಂಬುದನ್ನೂ ಗಮನಿಸಬೇಕು. ಹೀಗೆ ಒಂದು ವರ್ಷ ಪಾಲುಗಾರರಾಗಿ, ಮುಂದೆ ಏಕಾಂಗಿಯಾಗಿ ಸ್ಪರ್ಧಿಸುವ ಕ್ರಮ ಅನುಕರಣೀಯ.

ಪೂರ್ಣ ಸ್ಪರ್ಧೆಯಲ್ಲಿ ಒಟ್ಟು ಮಿತಿ ಸಾಮಾನ್ಯವಾಗಿ 17 ಗಂಟೆ, ಕೆಲವೆಡೆ 16. ಮಿಲಿಂದ್ ಸೋಮನ್ ಅವರು ಐವತ್ತರ ಹೊಸ್ತಿಲಲ್ಲಿ, 2015ರ ಜುಲೈ ತಿಂಗಳಲ್ಲಿ, ಸ್ವಿಟ್ಸರ್ಲೆಂಡಿನ ಜೂರಿಕ್‌ನಲ್ಲಿ ಅದನ್ನು 15 ಗಂಟೆ 19 ನಿಮಿಷಗಳಲ್ಲಿ ಮುಗಿಸಿದ್ದು ನಮ್ಮ ನಗರದಲ್ಲಿ ಅನೇಕರಿಗೆ ಸ್ಫೂರ್ತಿಯಾಯಿತು. ಆದರೆ ಅವರು ಯೌವನದಲ್ಲಿ ರಾಷ್ಟ್ರಮಟ್ಟದ ಈಜುಪಟುವಾಗಿದ್ದವರು. ಆ ಹಳೆಯ ಬಂಡವಾಳ ನಮ್ಮಲ್ಲಿ ಎಷ್ಟು ಜನರಿಗಿದೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಮೊದಲ ಸಲಕ್ಕೆ ಅರ್ಧವೇ ಸಾಕು.

ಮೂರು ಸ್ಥಳಗಳು

ಗೋವೆ: ಪಣಜಿಯ ಮಿರಾಮಾರ್ ಕಡಲತೀರದಲ್ಲಿ 2019ರ ಅಕ್ಟೋಬರ್ 20ರಂದು ಮೊದಲ ಬಾರಿಗೆ 70.3 ಸ್ಪರ್ಧೆ ನಡೆಯಿತು. ತಿಂಗಳು ಸ್ಥಿರವಾಗಿಲ್ಲ, 2022ರಲ್ಲಿ ನವೆಂಬರ್ 13, 2023ರಲ್ಲಿ ಅಕ್ಟೋಬರ್ 8. ಈ ಐದು ವಾರಗಳ ವ್ಯತ್ಯಾಸ ನಮ್ಮ ತಯಾರಿಯ ದೃಷ್ಟಿಯಿಂದ ಬಹಳ ದೊಡ್ಡದು. ಅಕ್ಟೋಬರ್ 8 ಎಂದರೆ ಮಳೆಗಾಲ ಹಿಂದೆಗೆಯುವ ಸಾಮಾನ್ಯ ದಿನವೇ ಆಯಿತು. ಆದುದರಿಂದ ಆಯಾ ವರ್ಷದ ದಿನಾಂಕ ಪ್ರಕಟವಾದ ಮೇಲೆಯೇ ನಿರ್ಧರಿಸಬೇಕು. ಉಡುಪಿ ಮಂಗಳೂರುಗಳಿಗೆ ಹೋಗುವ ನಮ್ಮವರಿಗೆ ಕೊಂಕಣ ರೈಲಿನ ದಾರಿ ಚಿರಪರಿಚಿತ. ವಿದೇಶಯಾನದ ವೆಚ್ಚವೂ ಇಲ್ಲ, ವೀಸಾದ ಚಿಂತೆಯೂ ಇಲ್ಲ. ಇಲ್ಲಿನ ಕಷ್ಟವೆಂದರೆ ಸೆಕೆ. ಆದರೆ ಮುಂಬಯಿಯ ಅಕ್ಟೋಬರ್ ಬಿಸಿಲನ್ನು ಬಲ್ಲ ದೇಹಕ್ಕೆ ಅದು ಅಪರಿಚಿತವಲ್ಲ. ಪುಣೆ, ದೆಹಲಿಗಳಿಂದ ಬರುವವರಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕಾಗುತ್ತದೆ.

ಲಂಕಾವಿ: ಮಲೇಷ್ಯಾದ ಈ ದ್ವೀಪದಲ್ಲಿ ನವೆಂಬರಿನಲ್ಲಿ ಸ್ಪರ್ಧೆ ನಡೆದುಬಂದಿದೆ. ಸಮುದ್ರ ಬೆಚ್ಚಗಿದ್ದು, ಸೆಕೆ ಗೋವೆಯಂತೆಯೇ. ಸೈಕಲ್ ದಾರಿಯಲ್ಲಿ ಏರಿಳಿತಗಳಿವೆ. ಪೂರ್ಣ ಸ್ಪರ್ಧೆಯೇ ಗುರಿಯಾಗಿರುವ, ಈಗಾಗಲೇ ಅರ್ಧವನ್ನು ಮುಗಿಸಿರುವ ಮುಂಬಯಿವಾಸಿಗಳು ಇದನ್ನು ಪರಿಗಣಿಸಬಹುದು.

ಬಾರ್ಸಿಲೋನಾ ಸಮೀಪದ ಕಲೆಲ್ಯಾ: ಸ್ಪೇನಿನ ಈ ಪಟ್ಟಣದಲ್ಲಿ ಅಕ್ಟೋಬರ್ ಆರಂಭದ ಸುಮಾರಿಗೆ ಪೂರ್ಣ ಸ್ಪರ್ಧೆ ನಡೆಯುತ್ತದೆ. ಹವೆ ತಂಪು. ಆದರೆ ನೀರೂ ತಂಪು. ನೀರಿನ ಉಷ್ಣತೆ 24.5 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿಲ್ಲದಿದ್ದರೆ ಮಾತ್ರ ವೆಟ್‌ಸೂಟ್ ಎಂಬ ರಬ್ಬರಿನ ಈಜುಡುಗೆಗೆ ಅನುಮತಿಯುಂಟು. ಅದು ದೇಹವನ್ನು ತೇಲಿಸುತ್ತದೆ, ಜೊತೆಗೆ ಎದೆಯನ್ನೂ ಬಿಗಿಯುತ್ತದೆ. ನಮ್ಮ ಬೆಚ್ಚನೆಯ ಈಜುಕೊಳಗಳಲ್ಲಿ ಅದರ ಅಭ್ಯಾಸ ಸುಲಭವಲ್ಲ. ತಂಪಾದ ಹವೆಯ ಆಸೆಯಿಂದ ಇದನ್ನು ಆರಿಸುವವರು ಈ ಒಂದು ಅಂಶವನ್ನು ಮರೆಯಬಾರದು.

ಇನ್ನು ಹವಾಯಿಯ ಕೋನಾದಲ್ಲಿ ಅಕ್ಟೋಬರಿನಲ್ಲಿ ನಡೆಯುವ ವಿಶ್ವಸ್ಪರ್ಧೆ ಪ್ರಧಾನವಾಗಿ ಬೇರೆಡೆ ಅರ್ಹತೆ ಗಳಿಸಿದವರಿಗಾಗಿ ಇರುವುದರಿಂದ ಅದು ನಮ್ಮ ಆಯ್ಕೆಯ ಪಟ್ಟಿಗೆ ಬರುವುದಿಲ್ಲ.

ಹೃದಯದ ತಪಾಸಣೆ

ಆಯ್ಕೆಯ ಎಲ್ಲ ಅಂಶಗಳಿಗಿಂತ ಮಿಗಿಲಾದುದು ಇದು. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯತ್ಲಾನ್ ಸಾವುಗಳನ್ನೂ ಹೃದಯಸ್ತಂಭನಗಳನ್ನೂ ಪರಿಶೀಲಿಸಿದ ವೈದ್ಯರು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂತಹ 135 ಪ್ರಕರಣಗಳಿವೆ. ಅವುಗಳಲ್ಲಿ 90 ಈಜಿನ ಹಂತದಲ್ಲೇ ಸಂಭವಿಸಿದವು. ಶೇಕಡ 85 ಮಂದಿ ಪುರುಷರು. ಸರಾಸರಿ ವಯಸ್ಸು 47ರ ಆಸುಪಾಸು. ಮರಣೋತ್ತರ ಪರೀಕ್ಷೆಯ ವಿವರ ದೊರೆತ 61 ಮಂದಿಯಲ್ಲಿ 27 ಮಂದಿಗೆ ಮೊದಲೇ ಹೃದಯದ ದೋಷವಿತ್ತು. ಭಾಗವಹಿಸಿದವರ ಸಂಖ್ಯೆಗೆ ಹೋಲಿಸಿದರೆ ಇದು ಲಕ್ಷಕ್ಕೆ 1.74, ಅಂದರೆ ಬಹಳ ಅಪರೂಪ. ಹೆದರಬೇಕಾದ ಸಂಗತಿ ಇದಲ್ಲ, ಪರೀಕ್ಷಿಸಿಕೊಳ್ಳಬೇಕಾದ ಸಂಗತಿ. ಭಾರತವೂ ಸೇರಿದ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿನಲ್ಲಿ, ಉಳಿದ ದೇಶಗಳವರಿಗೆ ಸುಮಾರು 59ರಲ್ಲಿ ಆಗುತ್ತದೆಂದು 2007ರ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿದೆ.

ಆದುದರಿಂದ ನಲವತ್ತು ದಾಟಿದವರು ಶುಲ್ಕ ಕಟ್ಟುವ ಮುನ್ನವೇ ವೈದ್ಯರನ್ನು ಕಂಡು, ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳ ಪರೀಕ್ಷೆಯೊಡನೆ ಇ.ಸಿ.ಜಿ. ಮಾಡಿಸಿಕೊಂಡು, ಅವರು ಸೂಚಿಸಿದರೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆಗಳನ್ನೂ ಮಾಡಿಸಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯರೋಗವಿದ್ದರೆ ಅದನ್ನು ಮುಚ್ಚಿಡಬಾರದು. ಸ್ಪರ್ಧೆಯ ದಿನ ನೀರಿನಲ್ಲಿ ಗುಂಪಿನ ನಡುವೆ ನುಗ್ಗದೆ ಅಂಚಿನಲ್ಲಿ ಈಜಬೇಕು. ಎದೆಬಿಗಿತ ಅಥವಾ ಅಸಹಜವಾದ ಉಸಿರಾಟ ಕಂಡರೆ ಕೈಯೆತ್ತಿ ರಕ್ಷಕರನ್ನು ಕರೆಯಬೇಕು. ಅವರ ದೋಣಿಯನ್ನು ಹಿಡಿದು ಮುಂದೆ ಸಾಗದೆ ದಣಿವಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆದರೆ ಎದೆಬಿಗಿತವಿದ್ದವರು ಸ್ಪರ್ಧೆಯನ್ನು ಬಿಟ್ಟು ನೀರಿನಿಂದ ಹೊರಬರಬೇಕು. ಹಾಗೆ ಹೊರಬರುವುದು ಅವಮಾನವಲ್ಲ.

ನೀರು ಕುಡಿಯುವುದರಲ್ಲಿಯೂ ವಿವೇಕ ಬೇಕು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇಕಡ 13 ಮಂದಿಗೆ ರಕ್ತದ ಸೋಡಿಯಂ ಕುಸಿದಿತ್ತು. ಅತಿಯಾಗಿ ದ್ರವ ಕುಡಿದು ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ವಿಶೇಷವಾಗಿ ಕಂಡಿತು. ಬಾಯಾರಿಕೆಗೆ ತಕ್ಕಷ್ಟು ಕುಡಿಯುವುದು, ಬೆವರಿಗೆ ತಕ್ಕಂತೆ ಉಪ್ಪಿನಂಶ ಸೇವಿಸುವುದು, ಇವನ್ನು ತಯಾರಿಯ ದಿನಗಳಲ್ಲೇ ರೂಢಿಸಿಕೊಳ್ಳಬೇಕು.

ಕೊನೆಯ ಮಾತು

ಖರ್ಚಿನ ವಿಷಯದಲ್ಲಿ ಒಂದೇ ಸಲಹೆ: ಪ್ರವೇಶ ಶುಲ್ಕ, ಪ್ರಯಾಣ, ವಸತಿ, ಸೈಕಲ್ ದುರಸ್ತಿ ಎಲ್ಲವನ್ನೂ ಕೂಡಿಸಿ ಬರೆದಿಟ್ಟು, ಸಾಲವಿಲ್ಲದೆ ಭರಿಸಬಲ್ಲ ಸ್ಪರ್ಧೆಯನ್ನೇ ಆರಿಸಿರಿ. ಹಿಂದೆಗೆದರೆ ಹಣ ಮರಳುವುದೇ, ಮುಂದಿನ ವರ್ಷಕ್ಕೆ ವರ್ಗಾಯಿಸಬಹುದೇ ಎಂಬ ನಿಬಂಧನೆಗಳನ್ನು ಮೊದಲೇ ಓದಿಕೊಳ್ಳಿರಿ. ಶುಲ್ಕ ಮುಳುಗುವುದೆಂಬ ಸಂಕಟದಿಂದ ಜ್ವರದಲ್ಲಿಯೂ ಸ್ಪರ್ಧೆಗೆ ಇಳಿಯುವುದು ಅತ್ಯಂತ ಅಪಾಯಕರ.

ಒಟ್ಟಿನಲ್ಲಿ, ಸಮುದ್ರದ ಅಭ್ಯಾಸವಿದ್ದು, ವೈದ್ಯರ ಒಪ್ಪಿಗೆ ದೊರೆತು, ಮಳೆಗಾಲದ ಇಪ್ಪತ್ತು ವಾರಗಳನ್ನು ಶಿಸ್ತಿನಿಂದ ಕಳೆಯಬಲ್ಲ ಮುಂಬಯಿ ಕನ್ನಡಿಗರಿಗೆ ಗೋವೆಯ ಅರ್ಧ ಸ್ಪರ್ಧೆ, ಅದೂ ನವೆಂಬರಿಗೆ ಹತ್ತಿರವಾದಾಗ, ಸೂಕ್ತ ಆರಂಭ. ಇವುಗಳಲ್ಲಿ ಒಂದು ಕೊರತೆಯಿದ್ದರೂ ಈ ವರ್ಷ ಮೂವರು ಗೆಳೆಯರು ಸೇರಿ ರಿಲೇ ವಿಭಾಗಕ್ಕೆ ಹೆಸರು ಕೊಡಬಹುದು. ಅಥವಾ ಸುಮ್ಮನೆ ದಡದಲ್ಲಿ ನಿಂತು ಬಂಧುಗಳನ್ನು ಹುರಿದುಂಬಿಸಿ, ಮುಂದಿನ ಶರದೃತುವಿಗೆ ಸಿದ್ಧರಾಗಬಹುದು. ಸ್ಪರ್ಧೆ ಪ್ರತಿವರ್ಷ ಬರುತ್ತದೆ. ಅದಕ್ಕೆ ಇಳಿಯುವವರು ಮುಗಿಸಿ ಮನೆಗೆ ಆರೋಗ್ಯವಾಗಿ ಮರಳಲೆಂಬುದೇ ನಮ್ಮೆಲ್ಲರ ಹಾರೈಕೆ.