ಮೊಬೈಲ್‌ನಲ್ಲಿ ಕೈಗಡ: ಸಂಖ್ಯೆ ನೋಡಿದರೆ ಸಾಲದು, ಹೆಸರನ್ನೂ ನೋಡಬೇಕು

ಕೃಷ್ಣಾ ಮತ್ತು ಭೀಮಾ ತೀರದ ಸಗರನಾಡಿಗೆ ಗುಳೆ ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡ ಕಾಮಗಾರಿಗಳಿಗೆ ಹೋಗುವವರು ವರ್ಷವರ್ಷವೂ ಇದ್ದಾರೆ. ದುಡಿದ ಹಣವನ್ನು ಊರಿಗೆ ಮುಟ್ಟಿಸಲು ಒಂದು ಕಾಲಕ್ಕೆ ಇದ್ದುದು ಎರಡೇ ದಾರಿ. ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳುಹಿಸುವುದು, ಇಲ್ಲವೇ ನೂರಕ್ಕೆ ಐದು ರೂಪಾಯಿ ಶುಲ್ಕ ತೆತ್ತು ಅಂಚೆ ಕಚೇರಿಯಲ್ಲಿ ಮನಿಯಾರ್ಡರ್ ಮಾಡುವುದು. ಅಂಚೆಯಣ್ಣ ಮುಖ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಿದ್ದ.

ಇಂದು ಆ ಹಣವೂ, ಗೆಳೆಯರ ನಡುವಿನ ಕೈಗಡವೂ ಮೊಬೈಲ್ ಮೂಲಕವೇ ಕ್ಷಣಮಾತ್ರದಲ್ಲಿ ತಲುಪುತ್ತವೆ. ಆದರೆ ಮುಖ ನೋಡಿ ಕೊಡುವ ಅಂಚೆಯಣ್ಣ ಇಲ್ಲಿಲ್ಲ. ಆ ಕೆಲಸವನ್ನು ಕಳುಹಿಸುವವರೇ ಮಾಡಬೇಕಾಗಿದೆ.

ಹಣ ಸಾಗುವ ಬಗೆ

ಈ ವ್ಯವಸ್ಥೆಯ ಹೆಸರು ಯುಪಿಐ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಇದನ್ನು 2016ರಲ್ಲಿ ಜಾರಿಗೆ ತಂದಿತು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಮುಂತಾದವು ಇದನ್ನು ಬಳಸುವ ಆ್ಯಪ್‌ಗಳು.

ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಒಬ್ಬಾತ ಸುರಪುರದ ಗೆಳೆಯನಿಗೆ 2000 ರೂಪಾಯಿ ಕಳುಹಿಸುತ್ತಾನೆ ಎಂದಿಟ್ಟುಕೊಳ್ಳೋಣ. ಆತ ಗೆಳೆಯನ ಮೊಬೈಲ್ ಸಂಖ್ಯೆಯನ್ನು ಆರಿಸಿ ಪಿನ್ ಒತ್ತುತ್ತಾನೆ. ಆ ಸಂಖ್ಯೆಗೆ ಜೋಡಣೆಯಾಗಿರುವ ಖಾತೆ ಯಾವುದೆಂದು ವ್ಯವಸ್ಥೆ ಪತ್ತೆ ಮಾಡುತ್ತದೆ. ಕಳುಹಿಸುವವನ ಬ್ಯಾಂಕು ಪಿನ್ ಪರಿಶೀಲಿಸಿ ಹಣ ಕಡಿತ ಮಾಡುತ್ತದೆ, ಪಡೆಯುವವನ ಬ್ಯಾಂಕು ಜಮಾ ಮಾಡುತ್ತದೆ. ಹಣ ನೇರವಾಗಿ ಖಾತೆಯಿಂದ ಖಾತೆಗೆ ಹೋಗುತ್ತದೆಯೇ ಹೊರತು ಆ್ಯಪ್‌ನಲ್ಲಿ ಉಳಿಯುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿಯವರೆಗೆ ಕಳುಹಿಸಬಹುದು.

ಊರಿನಲ್ಲಿರುವ ತಂದೆ ತಾಯಿಯರ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಅವರ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಂಕೇತ ನಮೂದಿಸಿಯೂ ಹಣ ಕಳುಹಿಸಬಹುದು. ಸಾದಾ ಫೋನಿನಿಂದಲೇ ಪಾವತಿ ಮಾಡುವ ಯುಪಿಐ 123ಪೇ ಸೌಲಭ್ಯ 2022ರ ಮಾರ್ಚ್‌ನಲ್ಲಿ ಬಂದಿದೆ.

ಹಳೆಯ ಸಿಮ್, ಹೊಸ ಮಾಲೀಕ

ಗುಳೆ ಹೋಗುವವರಿಗೆ ವಿಶೇಷವಾಗಿ ಕಾಡುವ ತೊಡಕು ಒಂದಿದೆ. ಊರು ಬದಲಾದಂತೆ ಅನೇಕರು ಸಿಮ್ ಬದಲಿಸುತ್ತಾರೆ. ಹಳೆಯದಕ್ಕೆ ರೀಚಾರ್ಜ್ ಮಾಡಿಸದೆ ಬಿಡುತ್ತಾರೆ. ಹೀಗೆ ಸ್ಥಗಿತಗೊಂಡ ಸಂಖ್ಯೆಯನ್ನು ದೂರವಾಣಿ ಕಂಪನಿಗಳು ಕನಿಷ್ಠ 90 ದಿನಗಳ ತರುವಾಯ ಬೇರೊಬ್ಬರಿಗೆ ಕೊಡಬಹುದು. ಆ ಹೊಸಬರು ಅದೇ ಸಂಖ್ಯೆಗೆ ತಮ್ಮ ಖಾತೆ ಜೋಡಿಸಿಕೊಂಡಿದ್ದರೆ, ಗೆಳೆಯನಿಗೆಂದು ಕಳುಹಿಸಿದ ಹಣ ಅಪರಿಚಿತರ ಪಾಲಾಗುತ್ತದೆ. ಕಳುಹಿಸುವವರ ಫೋನಿನಲ್ಲಿ ಮಾತ್ರ ಗೆಳೆಯನ ಹೆಸರೇ ಉಳಿದಿರುತ್ತದೆ.

ಈ ತೊಂದರೆ ತಗ್ಗಿಸಲು, ಕೈಬದಲಾದ ಸಂಖ್ಯೆಗಳನ್ನು ವಾರಕ್ಕೊಮ್ಮೆಯಾದರೂ ತಮ್ಮ ದಾಖಲೆಯಿಂದ ತೆಗೆದುಹಾಕಬೇಕೆಂಬ ನಿಯಮವನ್ನು ಪಾವತಿ ನಿಗಮವು 2025ರ ಏಪ್ರಿಲ್‌ನಿಂದ ಬ್ಯಾಂಕು ಮತ್ತು ಆ್ಯಪ್‌ಗಳಿಗೆ ವಿಧಿಸಿದೆ. ಜೂನ್ 30ರಿಂದ, ಹಣ ಪಡೆಯುವವರ ಬ್ಯಾಂಕ್ ದಾಖಲೆಯ ಹೆಸರನ್ನೇ ಪಾವತಿಗೆ ಮುನ್ನ ತೋರಿಸುವುದು ಕಡ್ಡಾಯವಾಗಿದೆ. ಊರಿನಲ್ಲಿ ಮಲ್ಲು ಎಂದು ಕರೆಸಿಕೊಳ್ಳುವವನು ಬ್ಯಾಂಕಿನಲ್ಲಿ ಮಲ್ಲಿಕಾರ್ಜುನ ಆಗಿರಬಹುದು. ಹೆಸರು ಹೊಂದದೆ ಸಂಶಯ ಬಂದರೆ ಒಂದು ರೂಪಾಯಿ ಕಳುಹಿಸಿ, ಕರೆ ಮಾಡಿ ಕೇಳಿದ ಮೇಲೆಯೇ ಉಳಿದದ್ದನ್ನು ಕಳುಹಿಸುವುದು ಕ್ಷೇಮ.

ಪಿನ್ ಬೇಕಾಗುವುದು ಕೊಡಲು ಮಾತ್ರ

ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಬೇಕಿಲ್ಲ. ಹಾಗೆ ಹೇಳುವವರು ವಂಚಕರು ಎಂದೇ ತಿಳಿಯಬೇಕು. ಹಣ ಕೋರುವ ಮನವಿ ಕಳುಹಿಸಿ ಮೋಸ ಮಾಡುವುದು ಹೆಚ್ಚಿದ್ದರಿಂದ, ವ್ಯಕ್ತಿಗಳ ನಡುವಿನ ಅಂತಹ ಮನವಿಯ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ.

‘ತಪ್ಪಿ ನಿಮ್ಮ ಖಾತೆಗೆ ಹಣ ಬಂದಿದೆ, ಮರಳಿಸಿ’ ಎಂಬ ಕರೆ ಬಂದಾಗ ಸಂದೇಶವನ್ನು ನಂಬದೆ ಖಾತೆಯ ಶಿಲ್ಕು ನೋಡಬೇಕು. ಗೆಳೆಯನ ಹೆಸರು, ಚಿತ್ರ ಬಳಸಿ ವಾಟ್ಸ್ಆ್ಯಪ್‌ನಲ್ಲಿ ತುರ್ತಾಗಿ ಹಣ ಕೇಳಿದರೆ, ಮೊದಲು ಆತನ ಧ್ವನಿ ಕೇಳಬೇಕು. ಕಮಿಷನ್ ಆಸೆಗೆ ಅನ್ಯರ ಹಣ ತನ್ನ ಖಾತೆಗೆ ಹಾಕಿಸಿಕೊಳ್ಳುವುದೂ ಅಪಾಯ. ಅದು ವಂಚನೆಯ ಹಣವಾಗಿದ್ದರೆ ಖಾತೆ ಸ್ಥಗಿತಗೊಳ್ಳುತ್ತದೆ, ಪೊಲೀಸ್ ವಿಚಾರಣೆಯೂ ಎದುರಾಗುತ್ತದೆ.

ಹಣ ಹೋದರೆ ಏನು ಮಾಡಬೇಕು?

ಖಾತೆಯಿಂದ ಕಡಿತವಾಗಿಯೂ ಗೆಳೆಯನಿಗೆ ಜಮಾ ಆಗದಿದ್ದರೆ, ಮರುದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿಯೇ ಆದೇಶಿಸಿದೆ.

ತಪ್ಪಾದ ವ್ಯಕ್ತಿಗೆ ಹೋದ ಹಣದ ವಿಷಯ ಬೇರೆ. ಪಿನ್ ಒತ್ತಿದವರು ಖಾತೆದಾರರೇ ಆದ್ದರಿಂದ, ಪಡೆದವರು ಒಪ್ಪದೆ ಅದನ್ನು ಹಿಂಪಡೆಯುವುದು ಬ್ಯಾಂಕಿಗೂ ಸುಲಭವಲ್ಲ. ವಹಿವಾಟಿನ ಸಂಖ್ಯೆಯೊಡನೆ ಆ್ಯಪ್‌ನಲ್ಲಿ ಹಾಗೂ ತಮ್ಮ ಬ್ಯಾಂಕಿನಲ್ಲಿ ಕೂಡಲೇ ದೂರು ನೀಡಬೇಕು. 30 ದಿನಗಳಲ್ಲಿ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು. ವಂಚನೆಯಾಗಿದ್ದರೆ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಹಣ ಮತ್ತೊಂದು ಖಾತೆಗೆ ದಾಟುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯಲು ಅವಕಾಶವಿರುತ್ತದೆ.

ಕೂಲಿಯವರಿಗೆ 2000 ರೂಪಾಯಿ ಎಂದರೆ ಹಲವು ದಿನಗಳ ದುಡಿಮೆ. ಗುಳೆ ಹೊರಡುವ ಮುನ್ನ ಹಳೆಯ ಸಂಖ್ಯೆಯನ್ನು ಖಾತೆಯಿಂದ ತೆಗೆಸಿ ಹೊಸದನ್ನು ಜೋಡಿಸುವುದು, ಅದನ್ನು ಗೆಳೆಯರಿಗೆ ತಿಳಿಸುವುದು ಅರ್ಧ ದಿನದ ಕೆಲಸ. ಅಷ್ಟು ಮಾಡಿದರೆ ಆ ದುಡಿಮೆ ಸೇರಬೇಕಾದವರನ್ನೇ ಸೇರುತ್ತದೆ.