ಕುಟೀರವೂ ಮಹಿಮೆಯೂ: ಸುಕ್ಕೋತ್ ಹಬ್ಬದ ಆಧ್ಯಾತ್ಮಿಕ ಅರ್ಥ

ಯೆಹೂದ್ಯ ಪಂಚಾಂಗದ ತಿಶ್ರಿ ಮಾಸದ 15ರಂದು, ದೋಷಪರಿಹಾರಕ ದಿನ ಕಳೆದ ಐದನೆಯ ದಿನ, ಪರ್ಣಕುಟೀರಗಳ ಹಬ್ಬ ಆರಂಭವಾಗುತ್ತದೆ. ಹೀಬ್ರೂ ಭಾಷೆಯಲ್ಲಿ ಇದರ ಹೆಸರು ಸುಕ್ಕೋತ್. ಈಜಿಪ್ಟಿನಿಂದ ಹೊರತಂದ ಇಸ್ರಯೇಲರನ್ನು ದೇವರು ಕುಟೀರಗಳಲ್ಲಿ ವಾಸಿಸುವಂತೆ ಮಾಡಿದರೆಂಬುದನ್ನು ಮುಂದಿನ ಪೀಳಿಗೆಗಳು ಮರೆಯದಿರಲೆಂದು ಯಾಜಕಕಾಂಡವು (23:42-43) ಏಳು ದಿನಗಳ ಕುಟೀರವಾಸವನ್ನು ವಿಧಿಸುತ್ತದೆ.

ಇದು ಸುಗ್ಗಿಯ ಹಬ್ಬವೂ ಹೌದು. ಕಣಜ ತುಂಬಿ, ಸ್ವಂತ ಸೂರಿನಡಿ ನೆಮ್ಮದಿಯಿಂದಿರಬಹುದಾದ ಹೊತ್ತಿನಲ್ಲೇ ಮನೆಯೊಡೆಯನು ಹೊರಗೆ ಬರಬೇಕು. ಕುಟೀರದ ಚಾವಣಿಯನ್ನು ನೆಲದಲ್ಲಿ ಬೆಳೆದ, ಕಡಿದು ತಂದ ಹಸಿರಿನಿಂದಲೇ ಹೊದಿಸಬೇಕೆಂದೂ ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕೆಂದೂ ಮಿಶ್ನಾ ನಿಯಮಿಸುತ್ತದೆ. ಆದರೂ ಸಂದುಗಳಲ್ಲಿ ನಕ್ಷತ್ರಗಳು ಕಾಣುವಂತಿರಲಿ ಎಂಬುದು ರೂಢಿ. ಹೀಗೆಂದು ಇದು ದೇಹದಂಡನೆಯ ವ್ರತವಲ್ಲ. ಮಳೆ ಸುರಿದು ಊಟ ಕೆಡುವಂತಾದರೆ ಮನೆಯೊಳಗೆ ಹೋಗಲು ಅನುಮತಿಯಿದೆ. ಧರ್ಮೋಪದೇಶಕಾಂಡವು (16:14) ಆಜ್ಞಾಪಿಸುವುದು ಸಂತೋಷವನ್ನು. ಆ ಸಂತೋಷದಲ್ಲಿ ದಾಸದಾಸಿಯರಿಗೂ ಪರದೇಶಿಗೂ ಅನಾಥರಿಗೂ ವಿಧವೆಗೂ ಪಾಲುಂಟು.

ಅರಣ್ಯದಲ್ಲಿದ್ದ ಆ ಕುಟೀರಗಳಾದರೂ ಎಂಥವು? ತಾಲ್ಮೂದಿನಲ್ಲಿ ಈ ಕುರಿತು ಎರಡು ಮತಗಳಿವೆ. ಅವು ಜನರನ್ನು ಆವರಿಸಿದ್ದ ದೇವಮಹಿಮೆಯ ಮೇಘಗಳು ಎನ್ನುತ್ತಾರೆ ರಬ್ಬಿ ಎಲಿಯೇಜರ್. ಜನರು ತಮಗಾಗಿ ಕಟ್ಟಿಕೊಂಡ ನಿಜವಾದ ಗುಡಿಸಲುಗಳೇ ಎನ್ನುತ್ತಾರೆ ರಬ್ಬಿ ಅಕೀವಾ. ಒಬ್ಬರಿಗೆ ಹಬ್ಬವು ದೇವರ ಮಹಿಮೆಯ ಸ್ಮರಣೆ. ಇನ್ನೊಬ್ಬರಿಗೆ ಮನುಷ್ಯರ ಬಡತನದ ಸ್ಮರಣೆ.

ಸಂತ ಯೊವಾನ್ನರ ಶುಭಸಂದೇಶವನ್ನು (1:14) ಈ ಹಿನ್ನೆಲೆಯಲ್ಲಿ ಓದೋಣ. ವಾರ್ತೆಯಾದಾತ ನಮ್ಮೊಡನೆ ವಾಸಿಸಿದರೆಂದು ಹೇಳಲು ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದ 'ಎಸ್ಕೆನೋಸೆನ್', ಅಂದರೆ ಗುಡಾರ ಹೂಡಿದರು. ಸುಕ್ಕೋತ್ ಹಬ್ಬದ ಕುಟೀರಗಳಿಗೆ ಗ್ರೀಕ್ ಬೈಬಲ್ ಬಳಸುವ 'ಸ್ಕೆನೆ' ಎಂಬ ಪದ ಅದರ ಮೂಲದಲ್ಲಿದೆ. ಅದೇ ವಚನವು ಕೂಡಲೇ, ನಾವು ಅವರ ಮಹಿಮೆಯನ್ನು ಕಂಡೆವು ಎಂದು ಸಾಕ್ಷಿ ನುಡಿಯುತ್ತದೆ. ರಬ್ಬಿಗಳ ಚರ್ಚೆಯಲ್ಲಿ ಎದುರುಬದುರಾಗಿ ನಿಂತ ಗುಡಿಸಲೂ ಮಹಿಮೆಯೂ ನಮ್ಮ ವಿಶ್ವಾಸದಲ್ಲಿ ಒಂದೇ ಮಾಂಸದಲ್ಲಿ ಕೂಡಿವೆ.

ಹಾಗೆಂದು ಯೆಹೂದ್ಯರ ಹಬ್ಬವನ್ನು ಕಾಲ ಮುಗಿದ ನೆರಳೆಂದು ಬೋಧಿಸುವುದು ಸಲ್ಲದು. ಅವರನ್ನು ದೇವರಿಂದ ತಿರಸ್ಕೃತರೆಂಬಂತೆ ಚಿತ್ರಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ 'ನೋಸ್ತ್ರಾ ಏತಾತೆ' ಘೋಷಣೆಯಲ್ಲಿ ತಿಳಿಸಿದೆ. ಇಂದಿಗೂ ಆಚರಣೆಯಲ್ಲಿರುವ ಆ ಕುಟೀರವು ನಮಗೂ ಒಂದು ಪ್ರಶ್ನೆ. ಕ್ರಿಸ್ತಜಯಂತಿಯ ಹಗಲಿನ ಬಲಿಪೂಜೆಯಲ್ಲಿ ನಾವು ಈ ವಚನವನ್ನೇ ಘೋಷಿಸುತ್ತೇವೆ. ಗುಡಾರ ಹೂಡಿದ ಪ್ರಭುವನ್ನು ಸಾರುವ ಯಾಜಕರಾದ ನಾವು ಭದ್ರವಾದ ಗೋಡೆಗಳನ್ನೇ ನಮ್ಮ ಆಶ್ರಯವೆಂದು ನೆಚ್ಚಿದರೆ, ಪರದೇಶಿಗೂ ವಿಧವೆಗೂ ನಮ್ಮ ಹಬ್ಬದಲ್ಲಿ ಸ್ಥಳವೆಲ್ಲಿ?